ಹಾಲಿನ ಹೊತ್ತು

ಆಯಿಯ ಎರಡೂ ಹೆಬ್ಬೆರಳ ಗೆಣ್ಣಿನ ಮೇಲೆ ಅಡಿಕೆಯಷ್ಟು ದಪ್ಪ ಜಡ್ಡು ಇತ್ತು. ಹೆಬ್ಬೆರಳು ಮಡಚಿ ಎಮ್ಮೆ ಹಿಂಡಿ ಹಿಂಡಿ ಆದದ್ದು. ಅದೇ ಗೆಣ್ಣಿನಿಂದ ನಮ್ಮ ತಲೆಗೂ ಮೊಟಕುತ್ತಿದ್ದಳು. ನನ್ನ ತಾಯಿಯ ತಾಯಿ ಅವಳು. ಚಿಕ್ಕೋಡಿ ಕಡೆ ನಾವು ಅಜ್ಜಿಗೆ ಆಯಿ ಎನ್ನುತ್ತೇವೆ. ಕಬ್ಬೂರಿನ ನಮ್ಮ ಮನೆಯಲ್ಲಿ ಅವಳ ಮಾತಿಲ್ಲದೆ ಒಲೆ ಹೊತ್ತುತ್ತಿರಲಿಲ್ಲ.

ತೊಂಬತ್ತರ ಹತ್ತಿರ ಬಂದರೂ ನಾಲ್ಕೂ ಎಮ್ಮೆಗಳನ್ನು ಎರಡು ಹೊತ್ತು ತಾನೇ ಹಿಂಡುತ್ತಿದ್ದಳು. ಬೇರೆಯವರು ಕೂತರೆ ಅವು ಒದೆಯುತ್ತಿದ್ದವು, ಅದು ಅವಳಿಗೊಂದು ಹೆಮ್ಮೆ. ಅಜ್ಜ ಸತ್ತ ದಿನವೂ ಹಿಂಡಿ ಮುಗಿಸಿ, ಕೈ ತೊಳೆದುಕೊಂಡೇ ಹೆಣದ ಮುಂದೆ ಅಳಲು ಕೂತಳಂತೆ. ಊರಲ್ಲಿ ಯಾರ ಎಮ್ಮೆ ಈಯಲು ತಿಣುಕಿದರೂ ಇವಳಿಗೇ ಕರೆ ಬರುತ್ತಿತ್ತು. ಮೊಳಕೈತನಕ ಕೈ ಹಾಕಿ ಕರು ತೆಗೆದು, ಆ ಮನೆಯವರನ್ನು ಬಾಯಿಗೆ ಬಂದಂತೆ ಬೈದು ಬರುತ್ತಿದ್ದಳು. ಅವರು ಮರುದಿನ ಗಿಣ್ಣ ತಂದು ಕಾಲಿಗೆ ಬೀಳುತ್ತಿದ್ದರು.

ನಾನು ಸಾಲೆಯ ಏಳನೇ ಇಯತ್ತೆಯಲ್ಲಿದ್ದಾಗ ಒಂದು ಎಮ್ಮೆಯ ಕರು ಸತ್ತಿತು. ಆಯಿ ಅದರ ಚರ್ಮ ಸುಲಿಸಿ, ಉಪ್ಪು ಸವರಿ ಒಣಗಿಸಿ, ಒಳಗೆ ಹುಲ್ಲು ತುಂಬಿ ಹೊಲಿದಳು. ದಿನಾ ಹಿಂಡುವ ಹೊತ್ತಿಗೆ ಅದನ್ನು ತಂದು ಎಮ್ಮೆಯ ಮುಂದೆ ನಿಲ್ಲಿಸುತ್ತಿದ್ದಳು. ತಾಯಿ ಆ ಹುಲ್ಲಿನ ಕರುವನ್ನು ನೆಕ್ಕುತ್ತ ಹಾಲು ಬಿಡುತ್ತಿತ್ತು. ಮೂಕಪ್ರಾಣಿಗೆ ಮೋಸ ಮಾಡುತ್ತೀಯಲ್ಲ ಎಂದು ನಾನು ಅತ್ತುಬಿಟ್ಟೆ. ಆಯಿ ತಿರುಗಿಯೂ ನೋಡಲಿಲ್ಲ.

"ಅದಕ್ಕ ಗೊತ್ತಾಗೂದಿಲ್ಲಂತ ತಿಳದೀಯೇನ? ಗೊತ್ತಿದ್ದ ಬಿಡತೈತಿ" ಎಂದಳು.

ಆ ಕರು ಹೊರಗೆ ಬಂದೊಡನೆ ಚಿಕ್ಕವ್ವ ಮಾತ್ರ ಎದ್ದು ಹಿತ್ತಲಿಗೆ ಹೋಗುತ್ತಿದ್ದಳು. ಅವಳು ನನ್ನ ತಾಯಿಯ ತಂಗಿ. ಗಂಡ ಮನೆ ಅಳಿಯನಾಗಿ ಬಂದಿದ್ದರಿಂದ ತವರಲ್ಲೇ ಇದ್ದಳು. ನಾನು ಹುಟ್ಟಿದ ನಾಲ್ಕನೇ ದಿನ ತಾಯಿ ತೀರಿಕೊಂಡದ್ದರಿಂದ ನನ್ನನ್ನು ಬೆಳೆಸಿದವಳು ಅವಳೇ. ಊಟ, ಬಟ್ಟೆ, ಸಾಲೆ ಯಾವುದರಲ್ಲೂ ಕಡಿಮೆ ಮಾಡಲಿಲ್ಲ. ಆದರೆ ಒಮ್ಮೆಯೂ ತೊಡೆಯ ಮೇಲೆ ಕೂರಿಸಿಕೊಂಡು ಮುದ್ದು ಮಾಡಿದ ನೆನಪಿಲ್ಲ. ನಾನು ಹೆಣ್ಣೆಂದು ಹಾಗೆ ಎಂದುಕೊಂಡು ಬೆಳೆದೆ.

ನಿಜ ತಿಳಿದದ್ದು ನನ್ನದೇ ಬಾಣಂತನದಲ್ಲಿ. ಮಗಳಿಗೆ ಹಾಕಲು ಹಳೆಯ ಕುಂಚಿಗೆ ಇದ್ದರೆ ಕೊಡು ಎಂದು ಚಿಕ್ಕವ್ವನನ್ನು ಕೇಳಿದೆ. ಕೂಸಿನ ತಲೆ ಬೆನ್ನು ಮುಚ್ಚುವ ಆ ಬಟ್ಟೆಯನ್ನು ಟ್ರಂಕಿನಿಂದ ತೆಗೆದವಳು, ನನ್ನ ಕೈಗೆ ಕೊಡದೆ ತಿರುಗಿ ಒಳಗಿಟ್ಟಳು.

"ಒಮ್ಮಿ ನಿನಗ ಹಾಕ್ಯಾರ ಇದನ್ನ. ಸಾಕು."

ಆಮೇಲೆ ಎಲ್ಲ ಹೇಳಿದಳು. ಅವಳ ಎರಡು ತಿಂಗಳ ಗಂಡುಕೂಸು ಜ್ವರದಲ್ಲಿ ಹೋದ ಮರುದಿನವೇ ನನ್ನ ತಾಯಿ ಹೋದಳಂತೆ. ಮನೆ ತುಂಬ ಹಾಲಿದ್ದರೂ ಎಮ್ಮೆ ಹಾಲು ನನಗೆ ದಕ್ಕಲಿಲ್ಲ, ಕುಡಿಸಿದ್ದೆಲ್ಲ ಕಾರಿಕೊಂಡೆ. ಚಿಕ್ಕವ್ವ ಹಾಲು ಕಟ್ಟಿದ ಎದೆಯನ್ನು ಬಿಗಿದುಕೊಂಡು ಗೋಡೆಗೆ ಮುಖ ಮಾಡಿ ಮಲಗಿದ್ದಳು, ನನ್ನನ್ನು ಮುಟ್ಟಲೊಲ್ಲಳು. ಆಯಿ ಆ ಸತ್ತ ಕೂಸಿನ ಕುಂಚಿಗೆಯನ್ನು ತೊಳೆಯದೆ ಹಾಗೇ ನನಗೆ ತೊಡಿಸಿದಳು. ಮಗಳನ್ನು ರಟ್ಟೆ ಹಿಡಿದು ಎಬ್ಬಿಸಿ ನನ್ನನ್ನು ಎದೆಗೆ ಒತ್ತಿದಳು. ಚಿಕ್ಕವ್ವ ನೂಕಿದಾಗ ಕಪಾಳಕ್ಕೆ ಹೊಡೆದಳು. ನಾನು ಕುಡಿದೆ.

ನನ್ನ ಕೂಸನ್ನು ಎತ್ತಿಕೊಂಡೇ ಕೊಟ್ಟಿಗೆಗೆ ಹೋಗಿ, ಹಡೆದ ಮಗಳಿಗೆ ಹೀಗೆ ಮಾಡಲು ಮನಸ್ಸಾದರೂ ಹೇಗೆ ಬಂತು ಎಂದು ಆಯಿಯನ್ನು ಕೇಳಿದೆ. ಅವಳು ಸಗಣಿ ಬಳಿಯುತ್ತಿದ್ದಳು.

"ಅಳಾಕ ಜನ್ಮ ಪೂರ್ತಿ ಐತಿ. ಹಾಲಿಗಿ ಹೊತ್ತ ಇಲ್ಲ. ಇಬ್ಬರ ಹೋಗಿದ್ರ, ಮೂರನೇದ್ದೂ ಹೋಗಲಂತ ಬಿಡಬೇಕಾಗಿತ್ತೇನ?"

ಆ ಎರಡು ಸಾವುಗಳಲ್ಲಿ ಒಂದು ಅವಳ ಹಿರಿಯ ಮಗಳದ್ದು ಎಂಬುದು ನನಗೆ ಆಗಲೇ ಹೊಳೆದದ್ದು. ನಾಚಿಕೆಯಾಯಿತು. ಸಿಟ್ಟು ಮಾತ್ರ ಇಳಿಯಲಿಲ್ಲ.

ಹೋದ ವರ್ಷ ಆಯಿ ಹಾಸಿಗೆ ಹಿಡಿದದ್ದು ಹನ್ನೊಂದೇ ದಿನ. ಅದರ ಹಿಂದಿನ ದಿನದವರೆಗೂ ಹಿಂಡಿದ್ದಳು. ಆ ದಿನಗಳಲ್ಲಿ ಎಮ್ಮೆಗಳು ಒದೆಯುತ್ತಲೇ ಚಿಕ್ಕವ್ವನಿಗೆ ಅರ್ಧಂಬರ್ಧ ಹಾಲು ಕೊಟ್ಟವು. ನಾನು ಗಂಡನ ಊರು ರಾಯಬಾಗದಿಂದ ನೋಡಲು ಹೋದಾಗ ಚಿಕ್ಕವ್ವ ಚಮಚದಿಂದ ಹಾಲು ಕುಡಿಸುತ್ತಿದ್ದಳು. ಆಯಿ ಅವಳ ಮುಖ ನೋಡಿ ಕೇಳಿದಳು.

"ಇನ್ನೂ ಸಿಟ್ಟ ಐತೇನ?"

"ಐತಿ" ಎಂದಳು ಚಿಕ್ಕವ್ವ. ಅಷ್ಟೇ ಹೇಳಿ ಮತ್ತೊಂದು ಚಮಚ ಬಾಯಿಗಿಟ್ಟಳು. ಆಯಿ ಕುಡಿದಳು.

ಎರಡು ದಿನ ಬಿಟ್ಟು ಮಧ್ಯಾಹ್ನ ಪ್ರಾಣ ಹೋಯಿತು. ಬೋರಗಾಂವದ ಬೀಗರು ಬಂದ ಮೇಲೆ ಎತ್ತುವುದೆಂದು ಹೆಣವನ್ನು ಪಡಸಾಲೆಯಲ್ಲಿ ಕೂರಿಸಿದ್ದರು. ಹಿಂಡುವ ಹೊತ್ತಾಗಿ ಎಮ್ಮೆಗಳು ಒದರತೊಡಗಿದವು. ಯಾರು ಹತ್ತಿರ ಹೋದರೂ ಒದ್ದವು. ಅಳುತ್ತಿದ್ದ ಹೆಂಗಸರ ನಡುವೆ ಚಿಕ್ಕವ್ವ ಒಬ್ಬಳದೇ ಒಣಗಣ್ಣು. ಅವಳು ಎದ್ದಳು. ಆಯಿಯ ಮೈಮೇಲಿಂದ ಬಿಚ್ಚಿ ಗೂಟಕ್ಕೆ ಹಾಕಿದ್ದ ಸೀರೆಯನ್ನು ತೆಗೆದುಕೊಂಡು, ತನ್ನ ಸೀರೆಯ ಮೇಲೆಯೇ ಸುತ್ತಿ, ತಲೆತುಂಬ ಸೆರಗು ಹೊದ್ದಳು. ತೊಳೆಯದ ಸೀರೆ, ಸೂತಕ ಎಂದು ಯಾರೋ ತಡೆಯಲು ಹೋದರು. ಅವಳು ಬಕೆಟ್ಟು ತೆಗೆದುಕೊಂಡು ಕೊಟ್ಟಿಗೆಗೆ ನಡೆದಳು.

ನಾನು ಹಿಂದೆಯೇ ಹೋದೆ. ಹಳೆಯ ಎಮ್ಮೆ ಸೆರಗನ್ನು ಮೂಸಿತು. ತಲೆ ಎತ್ತಿ ಚಿಕ್ಕವ್ವನ ಮುಖವನ್ನೇ ಒಂದು ಗಳಿಗೆ ನೋಡಿತು. ಮತ್ತೆ ಮೂಸಿ, ಕಾಲು ಅಗಲಿಸಿ ನಿಂತಿತು. ಬಕೆಟ್ಟಿನ ತಳಕ್ಕೆ ಹಾಲು ಬೀಳುವ ಸದ್ದಿಗೆ ಚಿಕ್ಕವ್ವ ಎಮ್ಮೆಯ ಪಕ್ಕೆಗೆ ಹಣೆ ಒತ್ತಿ, "ಎವ್ವಾ" ಎಂದು ಅಳತೊಡಗಿದಳು. ನಾಲ್ಕನೇ ಎಮ್ಮೆಯವರೆಗೂ ಅವಳ ಅಳು ನಿಲ್ಲಲಿಲ್ಲ, ಕೈಯೂ ನಿಲ್ಲಲಿಲ್ಲ.

ಹೆಣ ಎತ್ತುವ ಮುಂಚೆ ಕ್ಯಾನು ಹೊತ್ತು ಡೇರಿಗೆ ಹಾಲು ಹಾಕಿ ಬಂದವಳು ನಾನು.