ನೀಲಿ ಗುರುತಿನ ಕೆಳಗಿನ ನಾಡಿ

ಬಲಪಾದದ ಮೇಲೆ, ಹೆಬ್ಬೆರಳಿನ ಸಂದಿನಿಂದ ನಾಲ್ಕು ಬೆರಳು ಮೇಲಕ್ಕೆ, ನೀಲಿ ಪೆನ್ನಿನ ಪುಟ್ಟ ಕತ್ತರಿ ಗುರುತು. ಹಾಕಿದವಳು ನಾನೇ. ಕಾಲಿನ ರಕ್ತನಾಳಗಳನ್ನು, ರಕ್ತದ ಹರಿವನ್ನು ಸದ್ದಾಗಿ ಕೇಳಿಸುವ ಡಾಪ್ಲರ್ ಯಂತ್ರದಲ್ಲಿ ಪರೀಕ್ಷಿಸುವುದು ನನ್ನ ಕೆಲಸ; ನಾಡಿ ಸಿಕ್ಕ ಕಡೆ ಹೀಗೆ ಗುರುತು ಹಾಕುವುದು ನಮ್ಮಲ್ಲಿ ರೂಢಿ. ಯಾರಾದರೂ ವಿಚಿತ್ರ ಅನುಭವ ಹೇಳಿದರೆ, ಇವರು ಸರಿಯಾಗಿ ಅಳೆದು ನೋಡಿಲ್ಲ ಎಂದುಕೊಳ್ಳುತ್ತಿದ್ದೆ.

ಮೂರು ವರ್ಷದ ಹಿಂದೆ, ಮೈಲಾಪೂರಿನ ನನ್ನ ಸೋದರತ್ತೆಯನ್ನು ನಮ್ಮ ಆಸ್ಪತ್ರೆಗೇ ಸೇರಿಸಿದ್ದೆವು. ಸಕ್ಕರೆ ಕಾಯಿಲೆ, ಕಿರುಬೆರಳು ಕಪ್ಪಾಗಿತ್ತು. ಪಾದದಲ್ಲಿ ಒಂದು ನಾಳವಾದರೂ ಉಳಿದಿದ್ದರೆ, ಮೇಲೆ ಕಟ್ಟಿಕೊಂಡದ್ದನ್ನು ಬಲೂನು, ಸ್ಟೆಂಟಿನಿಂದ ಬಿಡಿಸುವ ಪ್ರಯತ್ನ. ಇಲ್ಲದಿದ್ದರೆ ಮೊಣಕಾಲಿನ ಕೆಳಗೆ ಕಾಲು ತೆಗೆಯಬೇಕು ಎಂದಿದ್ದರು ಡಾಕ್ಟರು. ಸಂಜೆ ನಾನು ಯಂತ್ರವಿಟ್ಟು ನೋಡಿದೆ. ಪಾದದಲ್ಲೆಲ್ಲೂ ಸದ್ದಿಲ್ಲ. ಕೊನೆಗೆ ಬೆರಳಿಟ್ಟೆ.

“ಏನೇ, ಕಾಲು ಹಿಡ್ಕೊಂಡು ಆಶೀರ್ವಾದ ಕೇಳ್ತಿದೀಯಾ? ಹೋಗ್ಲಿ, ಬೇಗ ಕಲ್ಯಾಣ ಆಗ್ಲಿ!” ಎಂದು ಅತ್ತೆ ನಕ್ಕರು.

“ಸುಮ್ನಿರಿ ಅತ್ತೆ, ಎಣಿಸ್ತಿದೀನಿ.”

ನಾಡಿ ಇತ್ತು. ನಿಧಾನ, ಸ್ಪಷ್ಟ. ತಮ್ಮದೇ ಬೆರಳ ತುದಿಯ ಬಡಿತವನ್ನು ರೋಗಿಯ ನಾಡಿ ಎಂದುಕೊಳ್ಳುವುದು ಹೊಸಬರ ತಪ್ಪು. ಅದಕ್ಕೇ ಪೂರ್ತಿ ಒಂದು ನಿಮಿಷ ಎಣಿಸಿದೆ: ಐವತ್ತೆರಡು. ನನ್ನ ಮಣಿಕಟ್ಟಿನಲ್ಲಿ ತೊಂಬತ್ತು. ಅತ್ತೆಯ ತಲೆಯ ಬಳಿಯ ಮಾನಿಟರಿನಲ್ಲಿ ಎಂಬತ್ನಾಲ್ಕು. ಪಾದದಲ್ಲಿ ಬಡಿದದ್ದು ನನ್ನದಲ್ಲ, ಅವರದೂ ಅಲ್ಲ.

ಆದರೂ ಗುರುತು ಹಾಕಿದೆ. ಯಂತ್ರಕ್ಕೆ ಸಿಗಲಿಲ್ಲ, ಬೆರಳಿಗೆ ಸಿಕ್ಕಿತು ಎಂದು ಡಾಕ್ಟರಿಗೆ ಹೇಳಿದೆ. ಖಚಿತವೇ ಎಂದು ಅವರು ತಮಿಳಿನಲ್ಲಿ ಕೇಳಿದರು: “ನಿಚ್ಚಯಮಾ?”

“ಆಮಾ ಸಾರ್.”

ಹೌದು ಎಂದೆನೇ ಹೊರತು ಎಣಿಕೆಯ ಮಾತು ಎತ್ತಲಿಲ್ಲ. ಎತ್ತಿದ್ದರೆ ಅವರು ಆ ಗುರುತನ್ನು ನಂಬುತ್ತಿರಲಿಲ್ಲ.

ಮರುದಿನ ತೊಡೆಯ ನಾಳಕ್ಕೆ ಸ್ಟೆಂಟು ಹಾಕಿ, ಕೆಳಗಿನದನ್ನು ಬಲೂನಿನಿಂದ ಬಿಡಿಸಿದರು. ರಕ್ತ ಪಾದಕ್ಕೆ ಇಳಿಯಿತು. ಕಾಲು ಉಳಿಯಿತು. ಆಮೇಲೆ ನಾನೊಬ್ಬಳೇ ಕುಳಿತು ಆಗ ತೆಗೆದ ಎಕ್ಸ್‌ರೇ ಚಿತ್ರಗಳನ್ನು ನೋಡಿದೆ. ಬಲೂನಿಗೆ ಮುಂಚಿನ ಚಿತ್ರದಲ್ಲಿ, ರಕ್ತದ ದಾರಿ ಕಾಣಲೆಂದು ನಾಳಕ್ಕೆ ಬಿಟ್ಟ ದ್ರವ ಪಾದ ತಲುಪದೆ ಕಣಕಾಲಿನ ಮೇಲೆಯೇ ನಿಂತುಹೋಗಿತ್ತು. ನಾನು ಗುರುತು ಹಾಕಿದ ಜಾಗದಲ್ಲಿ ಬಡಿಯುವುದಕ್ಕೆ ಏನೂ ಇರಲಿಲ್ಲ.

ಇದನ್ನು ಯಾರಿಗೂ ಹೇಳಿಲ್ಲ. ನನ್ನ ಮಾತು ನಂಬಿ ಒಳಗೆ ಬಿಟ್ಟ ಬಲೂನಿನ ತಂತಿ ದಾರಿಯಲ್ಲೆಲ್ಲೋ ನಾಳವನ್ನು ಹರಿದಿದ್ದರೆ ಎಂಬ ಯೋಚನೆ ಈಗಲೂ ಬರುತ್ತದೆ. ಆ ಐವತ್ತೆರಡು ಯಾರದೆಂದು ಈಗಲೂ ತಿಳಿಯದು.

ಸ್ಟೆಂಟು ಹಾಕಿದ ಮಾರನೆಯ ಬೆಳಿಗ್ಗೆ ಅತ್ತೆ ಇನ್ನೂ ನಿದ್ದೆಯಲ್ಲಿದ್ದರು. ಪಾದ ಬೆಚ್ಚಗಿತ್ತು. ಗುರುತಿನ ಮೇಲೆ ಬೆರಳಿಟ್ಟು ಎಣಿಸಿದೆ: ಎಪ್ಪತ್ತೆಂಟು. ಮಾನಿಟರಿನಲ್ಲೂ ಅಷ್ಟೇ. ಇನ್ನೂ ಒಂದು ನಿಮಿಷ ಬೆರಳು ತೆಗೆಯದೆ ಕಾದೆ. ಆಮೇಲೆ ಹತ್ತಿಯನ್ನು ಸ್ಪಿರಿಟ್ಟಿನಲ್ಲಿ ಅದ್ದಿ, ನೀಲಿ ಗುರುತನ್ನು ಒರೆಸಿ ಹಾಕಿದೆ.