ಹಸನು ಮಾಡಿದ ಚಕಮಕಿ ಕಲ್ಲು

ಮೊರದ ಮುಂದೆ ಕೂತು ಜೋಳ ಹಸನು ಮಾಡುವವರ ಬೆರಳು ನೋಡಿದ್ದೀರಾ? ಕಾಳು ಉಳಿಯಬೇಕು, ಕಲ್ಲು ಹೋಗಬೇಕು. ನಲವತ್ತು ವರ್ಷ ಕಾಳಿನ ವ್ಯಾಪಾರದಲ್ಲಿ ನನಗೆ ಅನ್ನ ಕೊಟ್ಟದ್ದು, ಈಗ ಪೆಟ್ಟು ಕೊಟ್ಟದ್ದೂ ಇದೇ ವಿದ್ಯೆ. ನಿಮಗೂ ಹೇಳುತ್ತೇನೆ, ಚೀಲದ ಬಾಯಿ ನೋಡಿ ಬೆಲೆ ಕಟ್ಟಬೇಡಿ, ತಳಕ್ಕೆ ಕೈ ಹಾಕಿ. ಇಷ್ಟು ಬಲ್ಲವನು ಕಲ್ಲಿನ ವಿಷಯದಲ್ಲಿ ಮೋಸಹೋದೆ. ಮೋಸ ಮಾಡಿದವನೂ ನಾನೇ.

ಬಾದಾಮಿ ದಾರಿಯಲ್ಲಿ, ಹಳ್ಳದ ದಂಡೆಗೆ ನನ್ನದೊಂದು ಹೊಲವಿದೆ. ಮಳೆ ಮೇಲ್ಮಣ್ಣು ತೊಳೆದ ದಿಬ್ಬದ ಮೇಲೆ ಉಗುರಿನಷ್ಟು ಚಕಮಕಿ ಚೂರುಗಳು ಹರಡಿದ್ದವು. ವಿದ್ಯಾಗಿರಿಯ ಕಾಲೇಜಿನಲ್ಲಿ ಇತಿಹಾಸ ಕಲಿಸುವ ಮೇಡಂ ಬಂದು ನೋಡಿ, ಮಧ್ಯಶಿಲಾಯುಗದ ಬೇಟೆಗಾರರು ಕೆತ್ತಿದವು ಎಂದರು. ಬಿತ್ತನೆಯೆಂಬುದೇ ತಿಳಿಯದ ಕಾಲದವರು. ಇಂಥ ಚೂರುಗಳನ್ನು ಕೋಲಿನ ಸೀಳಿನಲ್ಲಿ ಮರದ ಅಂಟಿನಿಂದ ಕೂಡಿಸಿ ಬಾಣ, ಕತ್ತಿ ಮಾಡುತ್ತಿದ್ದರಂತೆ. ಒಂದು ಚೂರು ಮುರಿದರೆ ಅದೊಂದನ್ನೇ ಬದಲಿಸುವುದು. ಉಳಿತಾಯ ಬಲ್ಲ ಜನ, ನಮ್ಮವರೇ, ಅನಿಸಿತು. ಎಂಟು ದಿನದಲ್ಲಿ ವಿದ್ಯಾರ್ಥಿಗಳೊಂದಿಗೆ ಬಂದು ನಕ್ಷೆ ತೆಗೆಯುತ್ತೇವೆ, ಅಲ್ಲಿಯವರೆಗೆ ನೇಗಿಲು ಹಾಯಿಸಬೇಡಿ ಎಂದು ಕೇಳಿಕೊಂಡರು, ಒಪ್ಪಿದೆ.

ಆದರೆ ಬೀರಪ್ಪನ ಗುಡಿಯ ಕಡೆಯಿಂದ ಕುರಿಹಿಂಡು ಬರುವ ದಾರಿ ಅದು. ತುಳಿದರೆ ಮಾಲು ಕೆಟ್ಟಿತಲ್ಲ? ಒಂದು ಮುಂಜಾನೆ ನಾನೇ ಹೋಗಿ ಎಲ್ಲವನ್ನೂ ಆಯ್ದು ತಂದೆ. ತೊಳೆದು, ಒಣಗಿಸಿ, ಬಣ್ಣಕ್ಕೊಂದು ಅಳತೆಗೊಂದು ಪುಟ್ಟ ಚೀಲ ಕಟ್ಟಿದೆ. ಹೆಂಡತಿ ಒಲೆಯ ಮುಂದಿನಿಂದಲೇ, "ಜ್ವಾಳದಾಗಿನ ಹಳ್ಳು ಆರಿಸ್ರಿ ಅಂದ್ರ ಕಣ್ಣು ಕಾಣೂದಿಲ್ಲ ಅಂತಿದ್ರಿ" ಎಂದಳು.

ಹೇಳಿದ ದಿನಕ್ಕೆ ಬಂದ ಮೇಡಂ ಚೀಲ ಬಿಚ್ಚಿ, ಒಂದು ಚೂರನ್ನು ಅಂಗೈಯಲ್ಲಿ ಹೊರಳಿಸಿ ತಿರುಗಿ ಒಳಗಿಟ್ಟರು. ಆ ಚೂರುಗಳ ನಡುವೆ ಮಡಚಿದ ಮೊಣಕಾಲಿನ ಅಗಲದ ಒಂದು ಖಾಲಿ ಜಾಗ ಮೊದಲ ದಿನವೇ ಅವರ ಕಣ್ಣಿಗೆ ಬಿದ್ದಿತ್ತಂತೆ. ಯಾರೋ ಒಬ್ಬರು ಅಲ್ಲಿ ಕೂತು ಕೆತ್ತಿದ್ದರು, ಸಿಡಿದದ್ದು ಸುತ್ತ ಬಿದ್ದಿತ್ತು. ಅವರು ಆಗ ಫೋನಿನಲ್ಲಿ ತೆಗೆದ ಫೋಟೊದಲ್ಲಿ ಬರೀ ಮಣ್ಣು ಕಾಣುತ್ತಿತ್ತು. ಒಂದೊಂದು ಚೂರಿನ ಜಾಗವನ್ನೂ ಗುರುತು ಹಾಕಿದರೆ ಮಾತ್ರ ಆ ಖಾಲಿ ಜಾಗ ಮೂಡುತ್ತಿತ್ತು. ಅವರಿಗೆ ಬೇಕಾಗಿದ್ದುದು ಅದೇ.

"ಕಲ್ಲು ಎಲ್ಲಾ ಅದಾವ್ರಿ ಕಾಕಾರ," ಎಂದರು ಮೆಲ್ಲಗೆ, "ಕುಂತಾಂವ ಎದ್ದು ಹೋದ."

ನನಗೆ ಇದು ತಿಳಿಯದ ಮಾತೇ? ಹಳೇ ಬಾಗಲಕೋಟೆ ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗುವ ಮುಂಚೆ ಬಾಗಿಲು, ತೊಲೆ, ಒರಳು ಸಮೇತ ಮನೆಯನ್ನು ಕಿತ್ತು ನವನಗರಕ್ಕೆ ತಂದವನು ನಾನು. ಒಂದು ಚಿಲಕವೂ ಕಳೆಯಲಿಲ್ಲ. ಆದರೂ ಅವ್ವ ಹೊಸ ಮನೆಯಲ್ಲಿ ಎಲ್ಲಿ ಕೂತರೂ ಸರಿಹೋಗದೆ, ಕಡೆಯವರೆಗೂ ಜಾಗ ಬದಲಿಸುತ್ತಲೇ ಇದ್ದಳು.

ಚೂರುಗಳನ್ನು ಇದ್ದಹಾಗೆಯೇ ತಿರುಗಿ ಇಟ್ಟು ಬರಲೇ ಎಂದು ಮೇಡಂ ಅವರನ್ನು ಕೇಳಿದೆ. ವ್ಯಾಪಾರದವನು, ಕೊನೆಯ ಮಾತಿನವರೆಗೂ ಬಿಡುವವನಲ್ಲ.

"ಹಂಗ ಇಟ್ರ ಅಲ್ಲಿ ನೀವ ಕುಂತಂಗ ಆಗ್ತೇತ್ರಿ."

ನಿಮ್ಮ ಹೊಲದಲ್ಲಿ ಇಂಥದು ಕಂಡರೆ ದಯವಿಟ್ಟು ಬಗ್ಗಬೇಡಿ. ನಿಂತು ನೋಡಿ, ಬಲ್ಲವರನ್ನು ಕರೆಯಿರಿ. ಆ ಸಂಜೆ ನಾನು ದಿಬ್ಬಕ್ಕೆ ಹೋಗಿ, ಅಂದಾಜಿನ ಮೇಲೆ ಒಂದು ಕಡೆ ಕೂತೆ. ಅವನು ಹಳ್ಳದ ಕಡೆ ಮುಖ ಮಾಡಿ ಕೂತಿದ್ದನೋ, ಗುಡ್ಡದ ಕಡೆಗೋ? ಅದನ್ನು ಹೇಳಬಲ್ಲ ಒಂದು ಚೂರನ್ನೂ ನಾನು ಬಿಟ್ಟಿರಲಿಲ್ಲ.