ಮಾಣಿಕರಾಯರ ಮೀಟರುಗಳು
ಬಾಲಾನಗರದಲ್ಲಿ ಕಬ್ಬಿಣ ಕಡೆಯುವ ಲೇತ್ ಯಂತ್ರಗಳ ಶೆಡ್ಡಿನ ಮಾಲೀಕ ಮಾಣಿಕರಾಯರಿಗೆ ಮೀಟರು ಕೊಳ್ಳುವ ಚಟ. ತುಳಸಿ ಕುಂಡಕ್ಕೆ ತೇವ ಅಳೆಯುವ ಮೀಟರು ಚುಚ್ಚಿದರು, ತುಳಸಿ ಒಣಗಿತು. ದುರ್ಬೀನು ತಂದು ಶುಕ್ರಗ್ರಹವನ್ನು ವಿಮಾನವೆಂದು ವಾದಿಸಿದರು. ಮೂರು ಬಿ.ಪಿ. ಯಂತ್ರಗಳು ಮೂರು ಥರ ಹೇಳಿದಾಗ ನಾಲ್ಕನೆಯದು ಬಂತು. "ಮಷೀನ್ ಸುಳ್ಳು ಹೇಳಂಗಿಲ್ಲ ಸುವರ್ಣಾ" ಎಂಬುದನ್ನು ಕೇಳಿ ಕೇಳಿ, ಅವರಲ್ಲೇ ಕೆಲಸ ಕಲಿತು ಲೇತ್ ನಡೆಸುವ ಸುವರ್ಣಾಳಿಗೆ ತಲೆ ಚಿಟ್ಟು ಹಿಡಿದಿತ್ತು. ಮೊನ್ನೆ ಯಂತ್ರದ ಅದುರು ಅಳೆಯುವ ಮೀಟರು ಬಂತು. ಲೇತ್ ಕರಕರ ಎನ್ನುತ್ತಿದ್ದರೂ ರಾಯರು ಅದರ ಹಸಿರು ದೀಪ ನೋಡಿ, "ಎಲ್ಲಾ ಬರಾಬರ್ ಐತಿ" ಎಂದರು. ಅವಳು ರೇಗಿದಳು: "ಬೇರಿಂಗ್ ಒದರಾಕತ್ತೈತ್ರಿ! ಗೇಟಿನಾಗ ನಿಂತು ಸಪ್ಪಳ ಕೇಳೇ ಯಾವ ಲೇತ್ ಕೆಟ್ಟೈತಿ ಅಂತ ಹೇಳಾವ್ರು ನೀವು, ಕೇಳಸವಲ್ದೇನ್ರಿ?" ರಾಯರು ಮೀಟರನ್ನು ಒರೆಸುತ್ತ ನಿಂತರು. "ಎರಡು ವರ್ಷ ಆತವ್ವಾ, ಕೇಳಂಗಿಲ್ಲ. ನಿನ್ನ ಮಾತು ತುಟಿ ನೋಡಿ ತಿಳಕೊಳ್ತೀನಿ. ಮಷೀನಿಗೆ ತುಟಿ ಇಲ್ಲಲ್ಲ." ಸುವರ್ಣಾಳ ಸಿಟ್ಟು ಪೂರ್ತಿ ಇಳಿಯಲಿಲ್ಲ. "ಮೊದಲೇ ಹೇಳಬಾರದೇನ್ರಿ?" ಎಂದು ಗದರುತ್ತಲೇ ಮೀಟರನ್ನು ಕಸಿದು ಪಕ್ಕಕ್ಕಿಟ್ಟಳು. ಅವರ ಅಂಗೈ ಹಿಡಿದು, ತಿರುಗುತ್ತಿದ್ದ ಲೇತಿನ ಮೈಮೇಲೆ ಒತ್ತಿದಳು. ರಾಯರು ಕಣ್ಣು ಮುಚ್ಚಿದರು. ಅದುರು ಜೋರಾದ ಕಡೆಗೆ ಅಂಗೈ ಸರಿಸಿ, "ಹಿಂದಿನ ಬೇರಿಂಗ್" ಎಂದರು.